ಕೊಡ್ಯಮ್ಮೆಯ ಒತ್ವ

ಶಾಲೆಯ ಆಫೀಸಿನಲ್ಲಿ ವಿಂಡೋಸ್, ನನ್ನ ಲ್ಯಾಬಿನಲ್ಲಿ ಲಿನಕ್ಸ್.
ನಡುವೆ ಹನ್ನೆರಡು ಮೆಟ್ಟಿಲು, ಒಂದು ನೀರಿನ ಟ್ಯಾಂಕಿ,
ಕ್ಲಾರ್ಕ್ ವಾಮನ ಶೆಟ್ಟಿಗಾರರ ಸ್ಕೂಟರ್ ಕೀಲಿಗೆ ಕಟ್ಟಿದ ಪೆನ್ ಡ್ರೈವು.
ದಾರಿ ಬರೆಯುವಾಗ ಅಲ್ಲಿಯ ಗೆರೆ ಎಡಕ್ಕೆ ವಾಲುತ್ತದೆ, ಇಲ್ಲಿಯದು ಬಲಕ್ಕೆ,
ಬಸ್ಸು ತಿರುವಿನಲ್ಲಿ ಹೊರಳಿದಾಗ ನಿಂತವರು ವಾಲುವ ಹಾಗೆ:
ಕುಂಬಳೆಗೆ ಹೋಗುವಾಗ ಒಂದು ಕಡೆ,
ಬರುವಾಗ ಇನ್ನೊಂದು.

ಮಮ್ಮುಂಞಿಯವರು ಬಂದದ್ದು ಬುಧವಾರ.
ಪಿಂಚಣಿಗೆ ಜನ್ಮದಿನಾಂಕ ಬೇಕು,
ಅರುವತ್ತೆಂಟರ ದಾಖಲಾತಿ ಪುಸ್ತಕದ ಒಂದು ಸಾಲು.
ನಮ್ಮಲ್ಲಿ ಮಮ್ಮುಂಞಿ, ರೇಷನ್ ಕಾರ್ಡಿನಲ್ಲಿ ಮುಹಮ್ಮದ್ ಕುಂಞಿ,
ಶಾರ್ಜಾ ಕಾಲದ ಪಾಸ್‌ಪೋರ್ಟಿನಲ್ಲಿ ಕುಂಞಿ ಮೊದಲು, ಮುಹಮ್ಮದ್ ಆಮೇಲೆ.
"ಎಲ್ಲ ನಾನೇ ಟೀಚರೇ," ಅಂದರು,
ಕೊಡೆ ಮಡಚಿ ಕಾಲಿನ ನಡುವೆ ಇಟ್ಟುಕೊಂಡು.

ಪುಸ್ತಕವನ್ನು ಗೆದ್ದಲು ತಿಂದು ಹತ್ತು ವರ್ಷ.
ಅದಕ್ಕೆ ಮೊದಲೇ ಜಲಜಾಕ್ಷಿ ಟೀಚರ್
ಪುಟಪುಟ ಸ್ಕ್ಯಾನ್ ಮಾಡಿ ಎಲ್ಲೋ ಇಟ್ಟಿದ್ದಾರೆ.
ಪೆನ್ ಡ್ರೈವಿನಲ್ಲಿ ಹೆಸರು ಸರಿಯಾಗಿಯೇ ಉಂಟು.
ತೆರೆದರೆ ಒಳಗೆ ಒಂದೇ ಸಾಲು:

../../ಹಳತು/ಕೊಡ್ಯಮ್ಮೆ/೬೮

ಪುಟ ಅಲ್ಲ, ಪುಟ ಎಲ್ಲಿದೆ ಎಂಬ ಚೀಟಿ.
ಕೊಂಡಿಯೊಂದು ಈ ಕಡೆಗೆ ದಾಟುವಾಗ
ಕೊಂಡಿತನ ಕಳಕೊಂಡು
ಬರೀ ಮಾತಾಗಿ ಬಂದಿತ್ತು.

"ಎರಡು ಚುಕ್ಕೆ ಅಂದರೆ ಒಂದು ಮೆಟ್ಟಿಲು ಮೇಲೆ."
"ಯಾವ ಮೆಟ್ಟಿಲಿಂದ?"
"ಅದು ಬರೆದಿಲ್ಲ. ನಿಂತ ಜಾಗದಿಂದ."
ಮಮ್ಮುಂಞಿಯವರು ನಕ್ಕರು:
"ನನ್ನ ಮನೆಗೂ ಹಾಗೇ ಅಲ್ವಾ ಹೇಳುವುದು.
ಪಳ್ಳಿಯಿಂದ ಇಳಿಯಿರಿ, ಬಟ್ಯನ ಸೋಡಾ ಅಂಗಡಿ ಕಳೆದು ಎಡಕ್ಕೆ.
ಬಟ್ಯ ಹೋದ. ಅಂಗಡಿಯೂ ಹೋಯಿತು.
ಜನ ಈಗಲೂ ಅಂಗಡಿ ಕಳೆದೇ ಎಡಕ್ಕೆ ತಿರುಗುತ್ತಾರೆ."

ನಾಲ್ಕನೇ ನಂಬರಿನ ಯಂತ್ರದಲ್ಲಿ 'ಹಳತು' ಸಿಕ್ಕಿತು.
ಒಳಗೆ, ಕಣ್ಣೆದುರೇ, ಕೊಡ್ಯಮ್ಮೆ.
ಟೈಪ್ ಮಾಡಿದೆ. ಅಂಥದ್ದಿಲ್ಲ ಎಂದಿತು.
ಮತ್ತೆ ಮಾಡಿದೆ. ಇಲ್ಲ.
ಅರ್ಧ ಗಂಟೆ ಬೇಕಾಯಿತು ತಿಳಿಯಲು:
ನನ್ನ 'ಕೊ' ಒಂದೇ ಏಟಿನ ಒತ್ವ.
ಅವರದ್ದು ಎತ್ವ ಬೇರೆ, ಕೊಂಬಿನ ದೀರ್ಘ ಬೇರೆ,
ಎರಡು ತುಂಡು ಒಟ್ಟಿಗೆ ನಿಂತು 'ಕೊ' ಎಂದು ಕಾಣಿಸಿಕೊಳ್ಳುತ್ತಿವೆ.
ಒಂದೇ ಊರು, ಒಂದೇ ಬಾಯಿ, ಒಂದೇ ಸದ್ದು.
ಯಂತ್ರ ಮಾತ್ರ ತುಂಡು ಎಣಿಸುತ್ತದೆ.

ಅವರ ಅಕ್ಷರವನ್ನೇ ಎತ್ತಿ ಅಂಟಿಸಿ ಒಳಗೆ ಹೋದೆ.
'೬೮' ತೋರಿಸಿತು ಕುಂಬಳೆಗೆ,
ಕುಂಬಳೆ ಕುಂಬ್ಳಕ್ಕೆ,
ಕುಂಬ್ಳ ತಿರುಗಿ ಕುಂಬಳೆಗೆ.
ನಲವತ್ತು ಸಲ ಸುತ್ತಿದ ಮೇಲೆ ಯಂತ್ರ ಕೈಚೆಲ್ಲಿತು.
ನಾವು ಇಲ್ಲಿ ಎಷ್ಟೋ ವರ್ಷದಿಂದ ಸುತ್ತುತ್ತಿದ್ದೇವೆ,
ಬೋರ್ಡಿನ ಈ ಬದಿ ಓದಿ ಹತ್ತಿ, ಆ ಬದಿ ಓದಿ ಇಳಿದು.

ಕೊನೆಗೆ ಹೆಸರಿನ ಗೊಡವೆ ಬಿಟ್ಟು ಗಾತ್ರ ಹಿಡಿದು ಹುಡುಕಿದೆ.
ಸಿಕ್ಕಿತು. ಶಾಯಿ ಕಂದಿದ ಪುಟ, ಹನ್ನೊಂದನೇ ಸಾಲು, ಮಮ್ಮುಂಞಿ.
ಜನ್ಮದಿನಾಂಕ: ಮೇ ಇಪ್ಪತ್ತು.
ಹತ್ತನೇ ಸಾಲಿನವನಿಗೂ ಮೇ ಇಪ್ಪತ್ತು.
ಹನ್ನೆರಡನೆಯ ಚೋಮು, ಹದಿಮೂರನೆಯ ಫ್ಲೋರಿನ್,
ಇಡೀ ಪುಟ ಒಂದೇ ದಿನ ಹುಟ್ಟಿದೆ,
ಯಾರೋ ಹೆಡ್ಮಾಸ್ತರರ ಒಂದೇ ಕೈಯಿಂದ.

"ಉಮ್ಮ ಬೇರೆ ಹೇಳುತ್ತಿದ್ದಳು," ಅಂದರು ಅವರು,
"ಶಾಲೆಯ ಜಗಲಿಗೆ ದೋಣಿ ಕಟ್ಟಿದ ನೆರೆ ಬಂತಲ್ಲ,
ಅದು ಇಳಿದ ಒಂಬತ್ತನೇ ದಿನ."
ಯಾವ ನೆರೆ, ಕೇಳಿದೆ.
ಉಮ್ಮನಿಗೆ ಗೊತ್ತಿತ್ತು, ಅಂದರು.

ಪ್ರಿಂಟ್ ಕೊಟ್ಟೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟರು.
ಪರದೆಯ ಮೇಲೆ ಈಗ ಎರಡು ಕೊಡ್ಯಮ್ಮೆ,
ಅವರದ್ದೊಂದು, ತಪ್ಪಿ ನಾನು ಮಾಡಿದ್ದೊಂದು.
ಒಂದನ್ನು ಅಳಿಸಬೇಕು.
ಯಾವುದೆಂದು ನೋಡುತ್ತಾ ಕೂತಿದ್ದಾಗ
ಕೆಳಗಿಂದ ವಾಮನ ಶೆಟ್ಟಿಗಾರರು ಕೂಗಿದರು:
ಟೀಚರೇ, ನನ್ನ ಸ್ಕೂಟರಿನ ಕೀಲಿ.