ಎಡಗಿವಿ

ನಜರ್‌ಬಾದಿನ ಗರಡಿಯವರು ಕೊಟ್ಟದ್ದು ಒಂದೇ ಫೋಟೊ:
ಉಸ್ತಾದ್ ಜವರಪ್ಪ, ಹೆಗಲ ಮೇಲೆ ಗದೆ,
ಕ್ಯಾಮೆರಾವನ್ನೇ ನುಂಗುವ ನೇರ ನೋಟ.
ಪಕ್ಕದಿಂದ ತೆಗೆದದ್ದು ಇಲ್ಲವೇ ಅಂದೆ.
‘ಪಕ್ಕಕ್ಕೆ ತಿರುಗೋ ಆಸಾಮೀನೇ ಅಲ್ಲ ಬಿಡಿ ಅವ್ರು.’

ಪರದೆಯ ಬೆನ್ನಿಗೆ ಫೋಟೊ ಅಂಟಿಸಿ
ನಲವತ್ತು ಪರ್ಸೆಂಟಿಗೆ ಮಂಕು ಮಾಡಿ
ಬೂದು ಮಣ್ಣಿನ ಉಂಡೆಯನ್ನು
ಗೆರೆಗೆ ಗೆರೆ ಕೂರಿಸಿದೆ.
ಸಿಮೆಟ್ರಿ ಒತ್ತಿದರೆ
ಎಡಕ್ಕೆ ಎಳೆದದ್ದು ಬಲಕ್ಕೂ ಬಂತು, ಪುಕ್ಕಟೆ.
ಎದುರಿನಿಂದ ಸಾಕ್ಷಾತ್ ಉಸ್ತಾದರು.
ಒಂದು ಸುತ್ತು ತಿರುಗಿಸಿದೆ:
ಯಾರೋ ಬ್ಯಾಂಕ್ ಮ್ಯಾನೇಜರು.

ಭಾನುವಾರ ಮಂಡಿ ಮೊಹಲ್ಲಾದಿಂದ
ಮಸ್ತಾನ್ ಸಾಬರನ್ನು ಸ್ಕೂಟರಿನಲ್ಲಿ ಕರೆತಂದರು.
ಉಸ್ತಾದರ ಜೊತೆ ಮೂರು ಸಲ ಹಿಡಿದವರು, ಎರಡು ಸಲ ಬಿದ್ದವರು.
ಕನ್ನಡಕ ಮನೆಯಲ್ಲೇ ಮರೆತಿದ್ದರು.
ಪರದೆಯತ್ತ ನೋಡಲೂ ಇಲ್ಲ;
ಕಣ್ಣು ಮುಚ್ಚಿ, ಕೆನ್ನೆ ಸವರಿಕೊಂಡು
‘ಎಡಗಿವಿ, ಎಣ್ಣೆಗೆ ಬಿದ್ದ ಹಪ್ಪಳದಂಗೆ ಮುದುಡಿತ್ತು.
ಇಲ್ಲಿ ಒತ್ತೋದು, ನನ್ನ ದವಡೆಗೆ, ಗಟ್ಟಿಗೆ.
ಕತ್ತಾ? ಕತ್ತೆಲ್ಲಿತ್ತು ಅವನಿಗೆ!
ಹಿಡಿಯೋಕೆ ಹೋದ್ರೆ ಭುಜಾನೇ ಸಿಗೋದು.’

ಸಿಮೆಟ್ರಿ ಆರಿಸಿದೆ.
ಕತ್ತು ಇಳಿಸಿದೆ. ಕಿವಿ ಮುರುಟಿಸಿದೆ.
ಸಾಬರ ಬೆರಳು ಅವರ ಕೆನ್ನೆಯ ಮೇಲೆ ಹೋದ ಕಡೆ
ನನ್ನ ಪೆನ್ನು ಹೋಯಿತು.
‘ಇನ್ನೂ ಒಳಕ್ಕೆ. ಇನ್ನೂ.
ಆ ಕಿವಿ ಮಾಡಿದ್ದೇ ನನ್ನ ಮೊಣಕೈ ಕಣಮ್ಮ,
ಹುಣಸೂರಿನ ಕುಸ್ತೀಲಿ.
ಒಂದು ತಿಂಗಳು ನನ್ನತ್ರ ಮಾತೇ ಬಿಟ್ಟಿದ್ದ.’

ಫೋಟೊ ಮರೆಮಾಡಿದೆ.
ಟೀ ಕೆನೆಗಟ್ಟಿತ್ತು.
ಸಾಬರು ಎದ್ದು ಗಾಜಿನ ಮೇಲೆ ಹೆಬ್ಬೆರಳಿಟ್ಟರು,
ಕಿವಿ ಇದ್ದಲ್ಲಿ.
ಬರೀ ನುಣ್ಣಗೆ.
ಏನೂ ಅನ್ನದೆ ಚಪ್ಪಲಿ ಹುಡುಕಿದರು.

ಆ ಎಣ್ಣೆಗುರುತು ಒರೆಸಿಲ್ಲ,
ಅದರ ಸುತ್ತಲೇ ಕೆಲಸ ಮಾಡುತ್ತಿದ್ದೇನೆ.