ಒಳಗೋಡೆ

ಮೂವತ್ತೊಂದು ವರ್ಷ ಸುರಾಮಿಯ ರಸ್ತೆಬದಿಯಲ್ಲಿ
ದಾಲ್ಚಿನ್ನಿ, ಒಣದ್ರಾಕ್ಷಿ ಬೆರೆಸಿ
ಸಿಹಿರೊಟ್ಟಿ ಸುಟ್ಟು ಮಾರಿದವಳು ನಾನು.
ಹೊಸ ಹೆದ್ದಾರಿ ಗುಡ್ಡ ಕೊರೆದು ಆಚೆಗೆ ಹೋದ ಮೇಲೆ
ಕಾರುಗಳಿಗೆ ನಮ್ಮೂರಿನ ಹತ್ತಿರ
ಹಸಿವಾಗುವುದು ನಿಂತಿತು.

ಈಗ ಗುರುವಾರ ಗುರುವಾರ ಮಿನಿಬಸ್ಸು ಹತ್ತಿ
ಶ್ರೋಷಾಕ್ಕೆ ಬರುತ್ತೇನೆ, ಮಣ್ಣು ಕಲಿಯಲು.
ಮೇಷ್ಟ್ರು ಅವ್ತಾಂದಿಲನಿಗೆ ಇಪ್ಪತ್ತಾರು.
ಬೈಯುವಾಗಲೂ ನನ್ನನ್ನು ಮಾಕ್ವಲಾ ಅತ್ತೆ ಅನ್ನುತ್ತಾನೆ.

ಮೊದಲ ದಿನ ಕಿತ್ತಳೆಯಷ್ಟು ಮುದ್ದೆ ಕೊಟ್ಟ.
ಕೈಗೆ ಗೊತ್ತಿದ್ದದ್ದು ಒಂದೇ ವಿದ್ಯೆ:
ಮಡಿಸು, ಒತ್ತು, ತಿರುಗಿಸು, ಮಡಿಸು.
"ಅತ್ತೆ, ಅದು ಕಣಕವಲ್ಲ. ಮಡಿಸಿದಷ್ಟೂ
ಗಾಳಿಯನ್ನು ಒಳಗೆ ಕೂಡಿಹಾಕುತ್ತೀರಿ.
ರೊಟ್ಟಿಗೆ ಅದು ಉಸಿರು,
ಮಣ್ಣಿಗೆ ಹೊಂಚು."

ಕೇಳಿಸಿಕೊಂಡೆ. ಕೈ ಕೇಳಿಸಿಕೊಳ್ಳಲಿಲ್ಲ.
ಹೆಬ್ಬೆರಳು ಊರಿ, ಚಿವುಟಿ, ತಿರುವಿ, ಮತ್ತೆ ಚಿವುಟಿ
ಬಟ್ಟಲು ಅನ್ನಬಹುದಾದ ಒಂದನ್ನು ಮಾಡಿದೆ.
ಆವಿಗೆಯಿಂದ ಅದು ಒಂಬತ್ತು ಚೂರಾಗಿ ಬಂತು;
ಪಕ್ಕದಲ್ಲಿದ್ದ ಪುಟ್ಟ ನಾತಿಯಾಳ ಕುದುರೆಯ
ಒಂದು ಕಿವಿಯನ್ನೂ ಹಾರಿಸಿತ್ತು.
ಕೈ ಕೆಸರಾಯಿತು, ಬಾಯಿಗೆ ಬಂದದ್ದು ಬೈಗುಳ.

ಆ ಹುಡುಗಿ ಕುದುರೆಯನ್ನು ಅತ್ತಿತ್ತ ತಿರುಗಿಸಿ ನೋಡಿ
"ಪರವಾಗಿಲ್ಲ ಅಜ್ಜಿ, ಇದು ಯುದ್ಧದಿಂದ ವಾಪಸು ಬಂದದ್ದು" ಅಂದಳು.
ಅವಳಿಗೆ ಅತ್ತೆಯೂ ಅಲ್ಲ ನಾನು. ಅಜ್ಜಿ.

ಆಮೇಲಿನದು ಹುರಿ ಹೊಸೆಯುವ ಪಾಠ.
ಅಂಗೈಯಡಿ ಬೆಕ್ಕಿನ ಬಾಲದ ಹಾಗೆ ಉದ್ದವಾಗುತ್ತದೆ,
ಮೆಚ್ಚಿಕೊಳ್ಳುವಷ್ಟರಲ್ಲಿ ನಡುವೆ ಕಿತ್ತು ಬರುತ್ತದೆ.
ಒಂದರ ಮೇಲೊಂದು ಸುತ್ತಬೇಕು.
ಸುಮ್ಮನೆ ಕೂರಿಸಿದರೆ ನಿಲ್ಲದು ಈ ನೆಂಟಸ್ತಿಕೆ;
ಎರಡಕ್ಕೂ ಮುಳ್ಳುಚಮಚದಿಂದ ಗೀರು ಹಾಕಿ,
ಗಾಯಕ್ಕೆ ಬಗ್ಗಡ ಸವರಿ,
ಒಳಗಿನಿಂದ ಬೆರಳಲ್ಲಿ ಕೆಳಕ್ಕೆ ಎಳೆಯಬೇಕು.

ನಾಲ್ಕು ಸುತ್ತಿಗೆ ಅವ್ತಾಂದಿಲ ಕೈ ಹಿಡಿದ.
"ಇವತ್ತಿಗೆ ಸಾಕು. ಕೆಳಗಿನದು ಬಲಿಯದೆ
ಮೇಲಿನದನ್ನು ಹೊರುವುದಿಲ್ಲ.
ಆಳೆತ್ತರದ ದ್ರಾಕ್ಷಾರಸದ ಗುಡಾಣ ಕಟ್ಟುವವರೂ
ದಿನಕ್ಕೆ ಗೇಣುದ್ದವೇ. ತೋನೆ ಕಟ್ಟುವವರೂ ಹಾಗೆಯೇ."

ತೋನೆ.
ನನ್ನ ರೊಟ್ಟಿ ಅಂಟುತ್ತಿದ್ದ ಮಣ್ಣಿನ ಒಲೆ.

ಮನೆಗೆ ಬಂದಾಗ ಕತ್ತಲಾಗಿತ್ತು. ಊಟ ಮಾಡಲಿಲ್ಲ.
ಅಂಗಡಿಯ ಬೀಗ ತೆಗೆದು, ಮೊಬೈಲಿನ ದೀಪ ಹಿಡಿದು
ಸೊಂಟದವರೆಗೂ ಒಲೆಯೊಳಕ್ಕೆ ಬಗ್ಗಿದೆ.
ಹೀಗೆ ಎಷ್ಟು ಸಾವಿರ ಸಲ ಬಗ್ಗಿದ್ದೇನೋ,
ಹುಬ್ಬು ಸುಟ್ಟುಕೊಂಡಿದ್ದೇನೆ, ರೊಟ್ಟಿಯನ್ನು ಕಂಡಿದ್ದೇನೆ,
ಗೋಡೆಯನ್ನಲ್ಲ.

ಬರಿಗೈಯಲ್ಲಿ ಸವರಿದೆ, ತಣ್ಣಗಿತ್ತು.
ಮಸಿಯ ಕೆಳಗೆ ಒಂದು ದಿಬ್ಬ, ಒಂದು ತಗ್ಗು, ಮತ್ತೆ ದಿಬ್ಬ.
ಹತ್ತೊಂಬತ್ತು ಎಣಿಸಿದೆ.
ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ಬೆಸುಗೆ ದಪ್ಪ;
ಅಲ್ಲಿ ಯಾರಿಗೋ ಸಂಜೆಯಾಗಿದೆ,
ಕೈ ತೊಳೆದು ಊಟಕ್ಕೆ ಎದ್ದಿದ್ದಾರೆ.
ಬೆರಳು ಎಳೆದ ಗುರುತುಗಳೆಲ್ಲ
ನನ್ನವು ಓಡುವ ದಿಕ್ಕಿಗೆ ಎದುರು.
ಎಡಗೈಯವರು.

ಒಂದು ಕಡೆ ಬೆರಳ ತುದಿಯ ಗುಳಿ ಹಾಗೇ ಉಳಿದಿತ್ತು.
ನನ್ನದನ್ನು ಇಟ್ಟು ನೋಡಿದೆ.
ಹಿಡಿಸಲಿಲ್ಲ. ನನಗಿಂತ ಸಣ್ಣ ಕೈ.

ಮುಂದಿನ ಗುರುವಾರ ಅವ್ತಾಂದಿಲನನ್ನು ಕೇಳಬೇಕು,
ನಿಮ್ಮೂರಲ್ಲಿ ಎಡಗೈಯ ಹೆಂಗಸು ಯಾರಾದರೂ ಇದ್ದರಾ ಅಂತ.
ಅಲ್ಲಿ ಕಪಾಟಿನ ಮೇಲೆ ನನ್ನ ನಾಲ್ಕು ಸುತ್ತು
ಒದ್ದೆಬಟ್ಟೆ ಹೊದ್ದು ಕೂತಿದೆ,
ಐದನೆಯದನ್ನು ಹೊರುವಷ್ಟು
ಗಟ್ಟಿಯಾಗುತ್ತ.