ನಾಲ್ಕನೆಯ ಪ್ಲಗ್

ಆಲಾ-ಬೆಲ್ ಘಾಟಿಯ ನೆತ್ತಿಗೆ ಇನ್ನೆರಡೇ ತಿರುವು ಇದ್ದಾಗ
ಲಾರಿ ಕೆಮ್ಮಿತು, ಬಿಕ್ಕಿತು, ನಿಂತಿತು.
ಹಿಂದೆ ಎಪ್ಪತ್ತೆರಡು ಪೆಟ್ಟಿಗೆ ಜೇನು,
ಬಾಯಿಗೆ ಜಾಲರಿ ಹೊಡೆದು ಕಟ್ಟಿದ್ದು.
ಬೆಳಗಾಗುವುದರೊಳಗೆ ಸೂಸಾಮಿರ್ ಹುಲ್ಲುಗಾವಲಲ್ಲಿ ಇಳಿಸಬೇಕು;
ಬಿಸಿಲೇರಿದರೆ ಕೂಡಿಹಾಕಿದ ಹುಳಗಳು
ತಮ್ಮ ಮೈಯ ಬಿಸಿಗೆ ತಾವೇ ಬೆಂದಾವು.

ಭಾವ ಶೆರ್ಮತ್ ಏನೂ ಅನ್ನಲಿಲ್ಲ.
ಅನ್ನದೇ ಇರುವುದರಲ್ಲಿ ಅವನದು ಪಳಗಿದ ಕೈ.
ಬಾನೆಟ್ ಎತ್ತಿ, ಟಾರ್ಚನ್ನು ಅಕ್ಕ ಬುರುಲಳಿಗೆ ಕೊಟ್ಟು
ನನ್ನ ಕಡೆ ನೋಡಿದ, ಅಷ್ಟೇ.
ಎಂಜಿನ್ ಕಟ್ಟಿದವನು ನಾನು.
ಹೋದ ಗುರುವಾರ, ತೊಕ್ತೊಗುಲ್‌ನ ನನ್ನ ಶೆಡ್ಡಿನಲ್ಲಿ
ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಗ್ಯಾಸ್ಕೆಟ್;
ಹಳೆಯದೆಂದರೆ ನನ್ನ ಹೆಸರೊಂದೇ.

ಆರೂ ಪ್ಲಗ್ ಬಿಚ್ಚಿದೆ.
ಬಂದ ವರಸೆಯಲ್ಲೇ ಮಡ್‌ಗಾರ್ಡಿನ ಮೇಲೆ ಸಾಲಾಗಿಟ್ಟೆ;
ವರಸೆ ತಪ್ಪಿದರೆ ಸಾಕ್ಷಿ ಕೆಟ್ಟಂತೆ.
ಒಣ ಮಸಿಯಾದರೆ ಪೆಟ್ರೋಲು ಹೆಚ್ಚಾಗಿದೆ.
ಒದ್ದೆಯಾಗಿ ಮಿರುಗಿದರೆ ಎಣ್ಣೆ ಮೇಲೇರಿದೆ,
ರಿಂಗು ಹಿಡಿದಿಲ್ಲ,
ಅಂದರೆ ಕಟ್ಟಿದವನ ಕೈ ಹಿಡಿದಿಲ್ಲ.
ಮಸಿಯೇ ಇರಲಪ್ಪಾ ಎಂದು ಬೇಡಿಕೊಂಡೆ.
ಹರಕೆ ಹೊತ್ತವರಲ್ಲಿ ಯಾರೂ ಹಿಂದೆ ಮಸಿ ಬೇಡಿರಲಾರರು.

ಒಂದು: ಮಸಿ, ಒಲೆಯ ಹಿಂದಿನ ಗೋಡೆಯ ಹಾಗೆ.
ಎರಡು, ಮೂರು: ಅದೇ. ಬೆರಳಿಗೆ ಹತ್ತಿ ಪುಡಿಪುಡಿ ಉದುರಿತು.
ಐದು, ಆರು: ಅದೇ ಅದೇ.
ನಾಲ್ಕನ್ನು, ಟಾರ್ಚಿನ ಬೆಳಕು ಬೀಳುವ ಮೊದಲೇ,
ಅಂಗಿಯ ತೋಳಿಗೆ ಒರೆಸಿಬಿಟ್ಟಿದ್ದೆ.

“ಗಾಳಿ ತೆಳು, ಭಾವಾ,” ಎಂದೆ, ದನಿ ಏರಿಸಿ.
“ಊರಲ್ಲಿ ಒಂಬೈನೂರು ಮೀಟರು, ಇಲ್ಲಿ ಮೂರು ಸಾವಿರ.
ಎಂಜಿನ್ನಿಗೆ ಉಸಿರು ಸಾಲದು, ಕಾರ್ಬುರೇಟರ್ ಮಾತ್ರ
ಮದುವೆಮನೆಯ ಹಾಗೆ ಬಡಿಸುತ್ತಲೇ ಇದೆ.”
ಸುಳ್ಳಲ್ಲ.
ಆರರಲ್ಲಿ ಐದು ಪಾಲು ನಿಜ.

ಸಣ್ಣ ತೂತಿನ ಜೆಟ್ ಊರಲ್ಲೇ ಉಳಿದಿತ್ತು.
ಶೆರ್ಮತ್ ಹಿಂದೆ ಹೋಗಿ, ಖಾಲಿ ಚೌಕಟ್ಟಿನಿಂದ
ಜೇನುಹಲ್ಲೆ ಹಿಡಿಸುವ ತಂತಿಯನ್ನು
ಒಂದು ಗೇಣು ಕತ್ತರಿಸಿ ತಂದ.
ಹಿತ್ತಾಳೆ ಜೆಟ್ಟಿನ ತೂತಿನಲ್ಲಿ ಅದನ್ನು ತೂರಿಸಿದೆ,
ಒಳಗೆ ಜಾರದಂತೆ ಎರಡೂ ತುದಿ ಮಡಿಸಿದೆ.
ಹೆಚ್ಚು ಬಡಿಸುವ ಕೈಗೆ ಒಂದು ತಡೆ.
ಡಬ್ಬಿ ಮುಚ್ಚಳದಲ್ಲಿ ಪೆಟ್ರೋಲು ಸುರಿದು ಕಡ್ಡಿ ಗೀರಿದೆ;
ಪ್ಲಗ್ಗುಗಳು ಆ ಬೆಂಕಿಯಲ್ಲಿ ಮಸಿ ಕಳೆದುಕೊಳ್ಳುತ್ತಿದ್ದವು.

ಅಕ್ಕ ಮಾತ್ರ ನಾಲ್ಕನ್ನು ಎತ್ತಿಕೊಂಡು ಮೂಸಿದಳು.
ಮೂವತ್ತು ವರ್ಷ ಮುಚ್ಚಳ ತೆಗೆಯುವ ಮೊದಲೇ
ಗೂಡಿನ ರೋಗ ಹೇಳಿದ ಮೂಗು.
“ಇದರ ವಾಸನೆ ಬೇರೆ.”

ಗುರುವಾರ ಸಂಜೆ ಕರೆಂಟು ಹೋಗಿತ್ತು.
ಮೂರು ಪಿಸ್ಟನ್ ಮುಗಿದಿದ್ದವು.
ದೀಪಕ್ಕೆ ಕಾಯಬಹುದಿತ್ತು.
ಕಾಯಲಿಲ್ಲ; ಬೆರಳಿಗೆ ಕಣ್ಣಿದೆ ಎಂಬ ಸೊಕ್ಕಿನಲ್ಲಿ
ತಡಕಾಡಿಯೇ ರಿಂಗು ಕೂರಿಸಿದೆ.
ತಲೆಕೆಳಗಾಗಿ ಕೂತಿತೋ ಏನೋ. ಆಮೇಲೆ ದೀಪ ಬಂತು,
ಅಷ್ಟರಲ್ಲಿ ಐದನೆಯದು ಕೈಯಲ್ಲಿತ್ತು.

ಅಕ್ಕ ಮತ್ತೇನೂ ಕೇಳದೆ ಅದನ್ನೂ ಬೆಂಕಿಗಿಟ್ಟಳು.

ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು.
ಹಿಂದೆ ಜೇನು, ಮುಂದೆ ಎಂಜಿನ್,
ಒಂದೇ ಶ್ರುತಿಗೆ ಬರಲು ಒದ್ದಾಡುತ್ತ ಘಾಟಿ ದಾಟಿದೆವು.
ಇಳಿಜಾರಿನಲ್ಲಿ ಬೆಳಕು ಹರಿಯತೊಡಗಿ
ಕನ್ನಡಿಯಲ್ಲಿ ನಮ್ಮ ಹಿಂದೆ ಒಂದೆಳೆ ನೀಲಿ ಹೊಗೆ ಕಾಣಿಸಿತು,
ಸಣ್ಣಗೆ, ಬಿಡದೆ.

ಶೆರ್ಮತ್ ಕನ್ನಡಿ ನೋಡಿದ.
ಆಮೇಲೆ ನನ್ನ ಅಂಗಿಯ ತೋಳು ನೋಡಿದ.
“ನಾಲ್ಕನೆಯದಾ?”
“ಹೂಂ.”
ಅವನು ಗೇರ್ ಬದಲಿಸಿದ.
“ಜೇನು ಇಳಿಸಿ ಮುಗಿಯಲಿ,” ಎಂದ.